ಐಕ್ಯೂ 62 ಮತ್ತು ಸಮ್ಮತಿಯ ಪ್ರಶ್ನೆ

ಬೌದ್ಧಿಕ ಅಂಗವೈಕಲ್ಯವಿರುವ ಮಹಿಳೆಯ ಮೇಲಿನ ಅತ್ಯಾಚಾರದ ಪ್ರಕರಣ ಮೇಲ್ಮನವಿಗೆ ಬಂದಾಗ ವಾದವೆಲ್ಲ ಹೆಚ್ಚಾಗಿ ಒಂದು ಅಂಕಿಗೆ ಬಂದು ನಿಲ್ಲುತ್ತದೆ. ಹಿಮಾಚಲ ಪ್ರದೇಶದ ಪ್ರಕರಣವೊಂದರಲ್ಲಿ ಆ ಅಂಕಿ 62, ಅದು ಮಹಿಳೆಯ ಐಕ್ಯೂ, ಅಂದರೆ ಬುದ್ಧಿಮತ್ತೆಯ ಅಳತೆ. ವಿಚಾರಣಾ ನ್ಯಾಯಾಲಯ ಆರೋಪಿಯನ್ನು ಖುಲಾಸೆಗೊಳಿಸಿತ್ತು. ಹೈಕೋರ್ಟ್ ಆ ತೀರ್ಪನ್ನು ರದ್ದುಪಡಿಸಿ ಏಳು ವರ್ಷಗಳ ಕಠಿಣ ಶಿಕ್ಷೆ ವಿಧಿಸಿತು. 2020ರ ಡಿಸೆಂಬರ್ 3ರಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ನಿಲುವನ್ನೇ ಎತ್ತಿಹಿಡಿಯಿತು.

ಹುಟ್ಟಿದ ಮಗುವಿಗೆ ಆರೋಪಿಯೇ ತಂದೆಯೆಂದು ಡಿಎನ್‌ಎ ವರದಿ ತೋರಿಸಿದ್ದರಿಂದ ಉಳಿದದ್ದು ಸಮ್ಮತಿಯ ಪ್ರಶ್ನೆ ಮಾತ್ರ. ಯಾವ ಸಂದರ್ಭಗಳಲ್ಲಿ ಸಂಭೋಗ ಅತ್ಯಾಚಾರವಾಗುತ್ತದೆ ಎಂದು ಪಟ್ಟಿ ಮಾಡುವ, ಆಗಿನ ಭಾರತೀಯ ದಂಡ ಸಂಹಿತೆಯ 375ನೇ ಕಲಮಿನ ಐದನೆಯ ಸಂದರ್ಭದ ಪ್ರಕಾರ, ತಾನು ಒಪ್ಪುತ್ತಿರುವ ಕ್ರಿಯೆಯ ಸ್ವರೂಪ ಮತ್ತು ಪರಿಣಾಮಗಳನ್ನು ಮನೋವೈಕಲ್ಯದಿಂದಾಗಿ ಗ್ರಹಿಸಲಾರದ ಮಹಿಳೆ ಹೂಂಗುಟ್ಟಿದ್ದರೂ ಅದು ಸಮ್ಮತಿಯಲ್ಲ. ಇದೇ ಮಾತು ಈಗ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲಿದೆ. ಐಕ್ಯೂ 62 ಎಂದರೆ ಕೊರತೆ ಅಲ್ಪವೇ, ಆಕೆ ಮನೆಗೆಲಸವನ್ನೂ ಮಾಡುತ್ತಾಳೆ ಎಂಬುದು ಆರೋಪಿಯ ಪರ ವಾದವಾಗಿತ್ತು. ಪಾತ್ರೆ ತೊಳೆಯಬಲ್ಲವಳಿಗೆ ಗರ್ಭ ನಿಲ್ಲುವುದು ಹೇಗೆಂದೂ ತಿಳಿದಿರಲೇಬೇಕು ಎನ್ನುವ ಈ ತರ್ಕವನ್ನು ನ್ಯಾಯಾಲಯ ಒಪ್ಪಲಿಲ್ಲ. ಆಕೆಗೆ ಒಳಿತು ಕೆಡುಕಿನ ಅರಿವಿಲ್ಲವೆಂಬ ವೈದ್ಯಕೀಯ ಸಾಕ್ಷ್ಯಕ್ಕೆ ಹೆಚ್ಚಿನ ತೂಕ ಕೊಟ್ಟಿತು. ಆರೋಪಿ ತನ್ನ ಹೇಳಿಕೆಯಲ್ಲಿ ಸಮ್ಮತಿಯ ಮಾತನ್ನೇ ಎತ್ತದೆ ಎಲ್ಲವನ್ನೂ ಅಲ್ಲಗಳೆದದ್ದೂ ಅವನಿಗೇ ಮುಳುವಾಯಿತು.

ಖುಲಾಸೆಯ ವಿರುದ್ಧದ ಮೇಲ್ಮನವಿಯಲ್ಲಿ ಇಂಥ ಗೆಲುವು ಸುಲಭವಲ್ಲ. ನಮ್ಮ ರಾಜ್ಯದಿಂದಲೇ ಹೋದ ಚಂದ್ರಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದಂತೆ, ಮೇಲ್ಮನವಿ ನ್ಯಾಯಾಲಯ ಇಡೀ ಸಾಕ್ಷ್ಯವನ್ನು ಮತ್ತೆ ತೂಗಬಹುದಾದರೂ, ಖುಲಾಸೆಯಿಂದ ಆರೋಪಿಯ ನಿರ್ದೋಷಿತ್ವದ ಪೂರ್ವಭಾವನೆ ಇಮ್ಮಡಿಯಾಗಿರುತ್ತದೆ ಮತ್ತು ಎರಡು ಸಮಂಜಸ ಅಭಿಪ್ರಾಯಗಳು ಸಾಧ್ಯವಿದ್ದರೆ ಖುಲಾಸೆಯನ್ನು ಕದಲಿಸುವಂತಿಲ್ಲ. ಮೇಲಾಗಿ, ಮೇಲಿನ ನ್ಯಾಯಮೂರ್ತಿಗಳು ಸಾಮಾನ್ಯವಾಗಿ ಆಕೆಯನ್ನು ನೋಡುವುದೇ ಇಲ್ಲ. ಅವರ ಮುಂದಿರುವುದು ಬೆರಳಚ್ಚಾದ ಹಾಳೆಗಳು. ಪ್ರಶ್ನೆಯನ್ನು ಮೂರು ಸಲ ಕೇಳಬೇಕಾಯಿತು, ಪ್ರತಿ ಉತ್ತರಕ್ಕೂ ಮೊದಲು ಆಕೆ ತಾಯಿಯ ಮುಖ ನೋಡಿದಳು ಎಂಬಂಥ ವರ್ತನೆಯನ್ನು ದಾಖಲಿಸಲು ಕಾನೂನಿನಲ್ಲಿ ಅವಕಾಶವಿದೆ. ಅದನ್ನು ಬರೆಯದೆ "ಹೌದು", "ಇಲ್ಲ" ಎಂಬ ಉತ್ತರಗಳನ್ನಷ್ಟೇ ಬರೆದಿಟ್ಟರೆ, ಕಾಗದದ ಮೇಲೆ ಆಕೆ ಎಲ್ಲವನ್ನೂ ಬಲ್ಲವಳಂತೆಯೇ ಕಾಣುತ್ತಾಳೆ.

ಹಾಗೆಂದು ಅಂಕಿಯೊಂದೇ ಎಲ್ಲವನ್ನೂ ತೀರ್ಮಾನಿಸಬಾರದು. ಬೌದ್ಧಿಕ ಕೊರತೆಯುಳ್ಳ ಯಾವ ಮಹಿಳೆಯೂ ಎಂದೂ ಸಮ್ಮತಿ ನೀಡಲಾರಳು ಎನ್ನುವುದು ಆಕೆಯ ಬದುಕನ್ನೇ ಕಸಿದುಕೊಂಡಂತೆ. 2009ರಲ್ಲಿ ಚಂಡೀಗಡದ ಪ್ರಕರಣವೊಂದರಲ್ಲಿ, ಅಲ್ಪ ಕೊರತೆಯಿದ್ದ ಮಹಿಳೆ ಗರ್ಭ ಉಳಿಸಿಕೊಳ್ಳುವೆನೆಂದಾಗ ಸುಪ್ರೀಂ ಕೋರ್ಟ್ ಆ ಇಚ್ಛೆಯನ್ನು ಗೌರವಿಸಿತು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೋ ಕಾಯ್ದೆಯಲ್ಲಿ ವಯಸ್ಸೆಂದರೆ ದೈಹಿಕ ವಯಸ್ಸೇ ಹೊರತು ಮಾನಸಿಕ ವಯಸ್ಸಲ್ಲ ಎಂದು 2017ರಲ್ಲಿ ಅದೇ ನ್ಯಾಯಾಲಯ ತೀರ್ಮಾನಿಸಿತು. ಆದ್ದರಿಂದ ಮನೋವೈದ್ಯರಿಗೆ ಕೇಳಬೇಕಾದದ್ದು ಐಕ್ಯೂ ಎಷ್ಟು ಎಂಬುದಷ್ಟನ್ನೇ ಅಲ್ಲ. ಆ ನಿರ್ದಿಷ್ಟ ಕ್ರಿಯೆಯನ್ನೂ ಅದರ ಪರಿಣಾಮವನ್ನೂ ಆಕೆ ಅರಿಯಬಲ್ಲವಳಾಗಿದ್ದಳೇ ಎಂಬುದನ್ನು. ಈ ಪ್ರಶ್ನೆಯನ್ನು ಸಾಕ್ಷಿಕಟ್ಟೆಯಲ್ಲಿ ಕೇಳದೆ ಬಿಟ್ಟ ಅಭಿಯೋಜಕರು (ಸರ್ಕಾರದ ಪರ ವಕೀಲರು) ಮೇಲ್ಮನವಿಗೆ ಏನನ್ನೂ ಉಳಿಸಿರುವುದಿಲ್ಲ.

ನನಗೆ ತೀರಾ ತೊಡಕಾಗಿ ಕಾಣುವುದು ಸಾಕ್ಷ್ಯ ಅಧಿನಿಯಮದ ಹಳೆಯ 114ಎ, ಈಗಿನ 120ನೇ ಕಲಮು. ನ್ಯಾಯ ಸಂಹಿತೆಯ 64(2)ರ ಪ್ರಕರಣಗಳಲ್ಲಿ, ಅಂದರೆ ಅಂಗವೈಕಲ್ಯವುಳ್ಳ ಮಹಿಳೆಯ ಮೇಲಿನ ಅತ್ಯಾಚಾರದಲ್ಲೂ, ಸಂಭೋಗ ಸಾಬೀತಾದರೆ ಸಮ್ಮತಿ ಇರಲಿಲ್ಲವೆಂದೇ ನ್ಯಾಯಾಲಯ ಭಾವಿಸಬೇಕು. ಆದರೆ ತಾನು ಸಮ್ಮತಿಸಿರಲಿಲ್ಲವೆಂದು ಆಕೆ ನ್ಯಾಯಾಲಯದ ಮುಂದೆ ಹೇಳಿರಬೇಕು. ಸಮ್ಮತಿ ಎಂದರೇನೆಂದೇ ತಿಳಿಯದವಳಿಂದ ಆ ಮಾತನ್ನು ನಿರೀಕ್ಷಿಸುವುದು ನನ್ನ ದೃಷ್ಟಿಯಲ್ಲಿ ಅಸಂಗತ. ಹೀಗಾಗಿ ಅಭಿಯೋಜನೆ 120ನ್ನು ನೆಚ್ಚಿ ಕೂರದೆ, ಐದನೆಯ ಸಂದರ್ಭವನ್ನೇ ಸ್ವತಂತ್ರವಾಗಿ ಸಾಬೀತುಪಡಿಸಬೇಕಾಗುತ್ತದೆ. ಅದಕ್ಕೆ ನೆರವಾಗುವುದು ಅಪರಾಧ ವಿಚಾರಣೆಯ ವಿಧಾನವನ್ನು ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 183ನೇ ಕಲಮು: ವಿಶೇಷ ಶಿಕ್ಷಕರ ಅಥವಾ ದುಭಾಷಿಯ ನೆರವಿನಿಂದ ಮ್ಯಾಜಿಸ್ಟ್ರೇಟರು ವಿಡಿಯೊ ಸಹಿತ ದಾಖಲಿಸಿದ ಹೇಳಿಕೆಯೇ ಮುಖ್ಯ ವಿಚಾರಣೆಯ (ಸಾಕ್ಷಿಯನ್ನು ಕರೆಸಿದ ಪಕ್ಷದ ವಕೀಲರು ಮೊದಲು ಕೇಳುವ ಪ್ರಶ್ನೋತ್ತರದ) ಸ್ಥಾನ ಪಡೆಯುತ್ತದೆ, ಮತ್ತು ಆ ವಿಡಿಯೊವನ್ನು ಸರಿಯಾಗಿ ಕಡತಕ್ಕೆ ಸೇರಿಸಿದ್ದರೆ ಮೇಲ್ಮನವಿಯ ಪೀಠವೂ ಆಕೆ ಉತ್ತರಿಸಿದ ಬಗೆಯನ್ನು ಕಣ್ಣಾರೆ ನೋಡಬಹುದು.