ಮೂವತ್ತು ದಿನಗಳ ಒಳಗೆ

ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ಅಕ್ಷಿಪಟಲದ, ಅಂದರೆ ಕಣ್ಣಿನ ಒಳಪದರವಾದ ರೆಟಿನಾದ, ರಕ್ತನಾಳಗಳು ಇನ್ನೂ ಪೂರ್ತಿಯಾಗಿ ಬೆಳೆದಿರುವುದಿಲ್ಲ. ಕೆಲವು ಶಿಶುಗಳಲ್ಲಿ ಅವು ಮುಂದೆ ಅಡ್ಡಾದಿಡ್ಡಿಯಾಗಿ ಬೆಳೆದು, ಅಕ್ಷಿಪಟಲವನ್ನೇ ಎಳೆದು ಕಳಚಿ, ದೃಷ್ಟಿಯನ್ನು ಶಾಶ್ವತವಾಗಿ ಕಿತ್ತುಕೊಳ್ಳುತ್ತವೆ. ವೈದ್ಯರು ಆರ್‌ಒಪಿ (ರೆಟಿನೋಪತಿ ಆಫ್ ಪ್ರಿಮೆಚ್ಯುರಿಟಿ) ಎಂದು ಕರೆಯುವ ಈ ತೊಂದರೆ ಆರಂಭದಲ್ಲಿ ಹೊರನೋಟಕ್ಕೆ ಕಾಣುವುದೇ ಇಲ್ಲ; ಮಗು ಹಾಲು ಕುಡಿದು ತೂಕ ಏರುತ್ತಿರುವಾಗಲೇ ಒಳಗೆ ಅದು ಮುಂದುವರಿಯುತ್ತಿರಬಹುದು. ನಮ್ಮ ದೇಶದ ಮಾರ್ಗಸೂಚಿಯಂತೆ 34 ವಾರಗಳಿಗಿಂತ ಮೊದಲು ಹುಟ್ಟಿದ ಅಥವಾ ಹುಟ್ಟುವಾಗ 2,000 ಗ್ರಾಂಗಿಂತ ಕಡಿಮೆ ತೂಗಿದ ಮಗುವಿನ ಕಣ್ಣನ್ನು 30 ದಿನಗಳೊಳಗೆ ಪರೀಕ್ಷಿಸಲೇಬೇಕು.

ಈ ಪರೀಕ್ಷೆ ಮಾಡಬಲ್ಲ ನೇತ್ರತಜ್ಞರು ಬಹುಪಾಲು ನಗರಗಳಲ್ಲಿದ್ದಾರೆ. ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಯೋಜನೆ ಇದಕ್ಕೊಂದು ದಾರಿ ತೋರಿಸಿತು. ತರಬೇತಿ ಪಡೆದ ತಂತ್ರಜ್ಞರು ಸಾಗಿಸಬಹುದಾದ ಕ್ಯಾಮೆರಾವನ್ನು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಒಯ್ದು ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ. ಅಂತರ್ಜಾಲದ ಮೂಲಕ ಬಂದ ಆ ಚಿತ್ರಗಳನ್ನು ದೂರದಲ್ಲಿರುವ ತಜ್ಞರು ನೋಡಿ ನಿರ್ಧಾರ ತಿಳಿಸುತ್ತಾರೆ. ನಮ್ಮ ರಾಜ್ಯದಲ್ಲೇ ರೂಪುಗೊಂಡ ಈ ವ್ಯವಸ್ಥೆಯ ಬಗ್ಗೆ ನನಗೆ ಅಪಾರ ಗೌರವವಿದೆ.

ಆದರೆ ನವಜಾತ ಶಿಶು ಘಟಕವೊಂದರ ದಾಖಲೆಗಳನ್ನು ದಿನವೂ ನೋಡುವ ನನಗೆ, ಕ್ಯಾಮೆರಾದ ಮುಂದೆ ಬಾರದೇ ಉಳಿಯುವ ಮಕ್ಕಳದೇ ಚಿಂತೆ. ಪರೀಕ್ಷೆಯಾದವರ ಪಟ್ಟಿ ಸುಲಭವಾಗಿ ಸಿಗುತ್ತದೆ. ಆಗಬೇಕಾಗಿದ್ದೂ ಆಗದವರು ಯಾರೆಂದು ತಿಳಿಯಬೇಕಾದರೆ, ಹುಟ್ಟಿದ ಪ್ರತಿ ಮಗುವಿನ ವಾರ ಮತ್ತು ತೂಕವಿರುವ ದಾಖಲೆಯನ್ನು ಆ ಪಟ್ಟಿಯೊಡನೆ ತಾಳೆ ನೋಡಬೇಕು. ಮಾಹಿತಿ ವ್ಯವಸ್ಥೆ ಮೊದಲು ಮಾಡಬೇಕಾದ ಕೆಲಸ ಇದೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ತಾಳೆ ನೋಡಲು ಕುಳಿತಾಗ ಎದುರಾಗುವ ತೊಡಕುಗಳು ನಮ್ಮ ಬದುಕಿನ ರೀತಿಯಿಂದಲೇ ಬಂದವು. ನಾಮಕರಣವಾಗದ ಮಗು ದಾಖಲೆಯಲ್ಲಿ ‘ಬೇಬಿ ಆಫ್ ಲಕ್ಷ್ಮಿ’ ಎಂದಿರುತ್ತದೆ. ಅದೇ ವಾರ ಇನ್ನೊಬ್ಬ ಲಕ್ಷ್ಮಿಗೂ ಹೆರಿಗೆಯಾಗಿರುತ್ತದೆ. ಅವಳಿ ಮಕ್ಕಳಾದರೆ ತಾಯಿ ಕಾರ್ಡಿನ ಸಂಖ್ಯೆ ಇಬ್ಬರಿಗೂ ಒಂದೇ ಆಗಿ, ಒಂದು ಮಗುವಿನ ಪರೀಕ್ಷೆ ಎರಡರ ಲೆಕ್ಕಕ್ಕೂ ಸೇರಿಬಿಡುವ ಅಪಾಯವಿದೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳ ವಿಳಾಸ ಗಂಡನ ಮನೆಯದಾಗಿದ್ದರೆ, ಫೋನ್ ಸಂಖ್ಯೆ ಅವಳನ್ನು ಆಸ್ಪತ್ರೆಗೆ ಕರೆತಂದ ಅಣ್ಣನದು. ಬಿಡುಗಡೆಯಾದ ಮಗು ಯಾವ ಊರಿನ ಆಶಾ ಕಾರ್ಯಕರ್ತೆಯ ಪಾಲಿಗೆ ಬರುತ್ತದೆಂದು ಕಂಪ್ಯೂಟರ್ ಹೇಳಲಾರದು. ಆದ್ದರಿಂದ ಹೆರಿಗೆಯಾದ ಕೂಡಲೇ ಪ್ರತಿ ಮಗುವಿಗೂ ತನ್ನದೇ ಸಂಖ್ಯೆ ಸಿಗಬೇಕು, ಮತ್ತು “ಬಾಣಂತನ ಎಲ್ಲಿ?” ಎಂಬ ಪ್ರಶ್ನೆಗೆ ನಮೂನೆಯಲ್ಲಿ ಪ್ರತ್ಯೇಕ ಜಾಗವಿರಬೇಕು.

ಒಮ್ಮೆ ಪರೀಕ್ಷಿಸಿದರೆ ಕೆಲಸ ಮುಗಿಯುವುದೂ ಇಲ್ಲ. ರಕ್ತನಾಳಗಳು ಪೂರ್ತಿ ಬೆಳೆಯುವವರೆಗೆ, ಹಲವು ಮಕ್ಕಳ ವಿಷಯದಲ್ಲಿ ವಾರ ಅಥವಾ ಎರಡು ವಾರಕ್ಕೊಮ್ಮೆ, ಮತ್ತೆ ಮತ್ತೆ ನೋಡಬೇಕಾಗುತ್ತದೆ. ಚಿಕಿತ್ಸೆ ಬೇಕೆಂದು ಕಂಡರೆ ಎರಡು ಮೂರು ದಿನಗಳಲ್ಲೇ ಲೇಸರ್ ಅಥವಾ ಚುಚ್ಚುಮದ್ದು ಆಗಬೇಕು. ಮೊದಲ ಸಲ “ಸದ್ಯಕ್ಕೆ ತೊಂದರೆಯಿಲ್ಲ” ಎಂಬ ಮಾತು ಕೇಳಿ ನೆಮ್ಮದಿಯಾದ ಮನೆಯವರು ಎರಡನೆಯ ಸಲ ಬರುವುದಿಲ್ಲ. ಮುಂದಿನ ದಿನಾಂಕವನ್ನು ಬಿಡುಗಡೆ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಗೀಚಿ ಕೊಡುವ ಬದಲು, ಅದನ್ನು ಕನ್ನಡದಲ್ಲಿ ಮನೆಯವರ ಫೋನಿಗೂ, ತಾಯಿ ಆಗ ಇರುವ ಊರಿನ ಆಶಾ ಕಾರ್ಯಕರ್ತೆಗೂ ತಾನಾಗಿಯೇ ಕಳುಹಿಸುವ, ಆ ದಿನ ಮಗು ಬಾರದಿದ್ದರೆ ಮರುದಿನವೇ ಘಟಕದ ದಾದಿಯನ್ನು ಎಚ್ಚರಿಸುವ ಏರ್ಪಾಡು ಪ್ರತಿ ಜಿಲ್ಲೆಯಲ್ಲೂ ಆಗಬೇಕೆಂಬುದು ನನ್ನ ಒತ್ತಾಯ.