ಎರಡು ಅಂಕ

ಶನಿವಾರ, ಸೆಪ್ಟೆಂಬರ್ 14, 2024
ಎಡಿಸನ್, ನ್ಯೂಜೆರ್ಸಿ

ಈ ವಾರ ನ್ಯಾಷನಲ್ ಮೆರಿಟ್ (ಹೈಸ್ಕೂಲ್ ಮಕ್ಕಳ ವಿದ್ಯಾರ್ಥಿವೇತನದ ಸ್ಪರ್ಧೆ) ಸೆಮಿಫೈನಲಿಸ್ಟ್ ಪಟ್ಟಿ ಬಂತು. ನಮ್ಮ ರಾಜ್ಯದ ಕಟ್-ಆಫ್ 225, ಮಗಳು ಪುಟ್ಟಿಯದು 223. ಇದಕ್ಕೆ ಲೆಕ್ಕ ಹಿಡಿಯುವ ಪರೀಕ್ಷೆ ಪಿಎಸ್‌ಎಟಿ; ಹೋದ ಅಕ್ಟೋಬರಿನಲ್ಲಿ ಅದರಲ್ಲಿ ಗಣಿತಕ್ಕೆ 750, ಓದು-ಬರಹಕ್ಕೆ 740. ಓದು-ಬರಹದ ಅಂಕವನ್ನು ಇಲ್ಲಿ ಎರಡು ಸಲ ಕೂಡಿ, ಒಟ್ಟನ್ನು ಹತ್ತರಿಂದ ಭಾಗಿಸುತ್ತಾರೆ. ಗಣಿತದಲ್ಲಿ ಪೂರ್ತಿ 760 ತೆಗೆದಿದ್ದರೂ 224ಕ್ಕೇ ನಿಲ್ಲುತ್ತಿತ್ತು. ಓದು-ಬರಹದಲ್ಲಿ ಇನ್ನು 10 ಬಂದಿದ್ದರೆ ಸರಿಯಾಗಿ 225. ಪಟ್ಟಿ ಬಂದಾಗಿನಿಂದ ತಲೆಯಲ್ಲಿ ಇದೇ ಲೆಕ್ಕ.

ಸಂಜೆ ಡಲ್ಲಾಸ್‌ನಿಂದ ಅಣ್ಣನ ಫೋನು. ಸ್ಪೀಕರ್ ಹಾಕಿಟ್ಟು ಸೊಪ್ಪು ಬಿಡಿಸುತ್ತಿದ್ದೆ.

“ಹಂಗಾದ್ರೆ ಪ್ರಿನ್ಸ್‌ಟನ್ ಆಸೆ ಬಿಟ್ಟಂಗೇ ಏನೇ?”

ನಾನು ಬಾಯಿ ತೆಗೆಯುವ ಮೊದಲೇ ಪುಟ್ಟಿ ಶುರುಮಾಡಿದಳು. “ಹಂಗೇನಿಲ್ಲ ಮಾವ. ಕಾಲೇಜಿಗೆ ಅರ್ಜಿ ಹಾಕೋ ಕಾಮನ್ ಆ್ಯಪ್‌ನಲ್ಲಿ ಪ್ರಶಸ್ತಿ ಬರೆಯೋಕೆ ಐದು ಜಾಗ ಇರುತ್ತೆ, ಇದು ಅದರಲ್ಲೊಂದು. ದೇಶದಲ್ಲಿ ಸುಮಾರು 16,000 ಜನ ಸೆಮಿಫೈನಲಿಸ್ಟ್ ಇರ್ತಾರೆ, ಪ್ರಿನ್ಸ್‌ಟನ್‌ಗೆ ಅರ್ಜಿ ಹಾಕೋರಲ್ಲಿ ಅಂಥೋರು ತುಂಬಾ ಜನ. ಅವರಲ್ಲಿ ಫೈನಲಿಸ್ಟ್ ಯಾರು ಅಂತ ಗೊತ್ತಾಗೋದೇ ಫೆಬ್ರವರಿಗೆ. ಅಷ್ಟೊತ್ತಿಗೆ ನಮ್ಮ ಅರ್ಜಿ ಹೋಗಿರುತ್ತೆ. ಕಾಲೇಜಿನೋರು ನೋಡೋ ನನ್ನ ಎಸ್‌ಎಟಿ ಪರೀಕ್ಷೆ ಅಂಕ ಚೆನ್ನಾಗೇ ಇದೆಯಲ್ಲ.”

ಎಷ್ಟು ಸಮಾಧಾನವಾಗಿ ಹೇಳಿದಳು! ನನ್ನ ಎದೆ ತುಂಬಿ ಬಂತು.

“ಅದು ಸರಿ ಮಗಾ. ನಮ್ಮ ಯುಟಿ ಡಲ್ಲಾಸ್ ಯೂನಿವರ್ಸಿಟಿಯೋರು ಫೈನಲಿಸ್ಟ್‌ಗಳಿಗೆ ಫೀಸೆಲ್ಲಾ ಬಿಡ್ತಾರೆ, ಇಲ್ಲೇ ಬರ್ತೀಯೇನೋ ಅಂದ್ಕೊಂಡಿದ್ದೆ” ಅಂದ ಅಣ್ಣ. ಅದಕ್ಕೆ ಅವಳು ಏನೂ ಹೇಳಲಿಲ್ಲ. ಎದ್ದು ರೂಮಿಗೆ ಹೋದಳು.

ನನ್ನನ್ನು ಕೊರೆಯುತ್ತಿರುವುದೂ ಅದೇ. ಪ್ರಿನ್ಸ್‌ಟನ್ ಬಾಗಿಲನ್ನು ಈ ಎರಡು ಅಂಕ ಮುಚ್ಚುವುದಿಲ್ಲ. ಪ್ರಿನ್ಸ್‌ಟನ್ ಸೇರಿದ ಐವಿ ಲೀಗ್ ವಿಶ್ವವಿದ್ಯಾಲಯಗಳವರು ಮೆರಿಟ್ ನೋಡಿ ದುಡ್ಡು ಕೊಡುವುದೇ ಇಲ್ಲ, ಮನೆಯ ಆದಾಯ ನೋಡಿ ಮಾತ್ರ. ಮುಚ್ಚಿದ್ದು ಡಲ್ಲಾಸ್, ಅಲಬಾಮಾ ವಿಶ್ವವಿದ್ಯಾಲಯಗಳ ಬಾಗಿಲು. ಫೈನಲಿಸ್ಟ್ ಆದವರಿಗೆ ಶುಲ್ಕ ಮಾಫಿ ಮಾಡಿ, ವಸತಿಗೂ ನೆರವು ಕೊಟ್ಟು ಕರೆಯುವ ಜಾಗಗಳವು. ನ್ಯಾಷನಲ್ ಮೆರಿಟ್‌ನವರೇ ಕೊಡುವ 2,500 ಡಾಲರ್ ಅದರ ಮುಂದೆ ಏನೇನೂ ಅಲ್ಲ. ಪೂರ್ತಿ ನೆರವು ಸಿಗುವಷ್ಟು ಬಡವರಲ್ಲ ನಾವು, ವರ್ಷವರ್ಷ ಅಷ್ಟು ಡಾಲರ್ ಎಣಿಸುವಷ್ಟು ಅನುಕೂಲಸ್ಥರೂ ಅಲ್ಲ. ನಮ್ಮಂಥವರಿಗೇ ಆ ಎರಡು ಅಂಕ ಬೇಕಿತ್ತು.

ಇದೇ 223 ಕಟ್-ಆಫ್ ಕಡಿಮೆ ಇರುವ ವೆಸ್ಟ್ ವರ್ಜೀನಿಯಾದಲ್ಲಿ ಬಂದಿದ್ದರೆ ಧಾರಾಳವಾಗಿ ಸಾಕಾಗುತ್ತಿತ್ತು. ಆದರೂ ರಾಜ್ಯವಾರು ಹಂಚಿಕೆ ತಪ್ಪು ಅನ್ನಲು ನನಗೆ ಮನಸ್ಸು ಬಾರದು. ಕಲ್ಯಾಣ ಕರ್ನಾಟಕದ ಮಕ್ಕಳಿಗೆ 371ಜೆ ಮೀಸಲಾತಿ ಬೇಕೇ ಬೇಕು ಅಂತ ಇದೇ ಅಣ್ಣನ ಜೊತೆ ವಾದಕ್ಕೆ ಕೂತವಳು ನಾನು. ಇಲ್ಲಿ ಬೀದಿಗೊಂದು ಕೋಚಿಂಗ್ ಸೆಂಟರ್. ವೆಸ್ಟ್ ವರ್ಜೀನಿಯಾದ ಗಣಿ ಊರಿನ ಮಗುವಿಗೆ ಏನಿದೆ? ಅದೇ ನ್ಯಾಯ ನನ್ನ ಮಗಳಿಗೆ ತಾಗಿದ್ದಕ್ಕೆ ಇವತ್ತು ಇಷ್ಟು ಸಂಕಟ.

ಪ್ರಿನ್ಸ್‌ಟನ್‌ಗೆ ನವೆಂಬರ್ 1ರೊಳಗೆ ಹಾಕುತ್ತೇನೆ ಅನ್ನುತ್ತಾಳೆ. ನಮ್ಮ ರಾಜ್ಯದ್ದೇ ವಿಶ್ವವಿದ್ಯಾಲಯ ರಟ್ಗರ್ಸ್‌ಗೂ ಹಾಕು ಅನ್ನಬೇಕು, ಆದರೆ ದುಡ್ಡಿಗಾಗಿ ಅಂತ ಅವಳಿಗೆ ಅನ್ನಿಸಬಾರದು. ಮೊದಲು ಇವರ ಹತ್ತಿರ ಮಾತಾಡೋಣ ಅಂದರೆ ಇವರು ಮನೆ ಮೇಲೆ ಸಾಲ ತೆಗೆಯುವ ಮಾತು ಎತ್ತುತ್ತಾರೆ.