ಪಂಪಿಗೆ ದಾರ ಕಟ್ಟಿದ ಏಪ್ರಿಲ್

"ಬೆಂಗಳೂರು ಬಿಡು, ಸಿಂಗಪುರದಲ್ಲೂ ಮೆಟ್ರೊ ಲೇಟಾಗುತ್ತೇನೋ?" ಅಂತ ಮಾವ ಫೋನಿನಲ್ಲಿ ಕೇಳಿದರು. ಆಗುತ್ತೆ ಮಾವ. ಇಲ್ಲಿನ ಸರ್ಕಲ್ ಲೈನಿನ ಕೊನೇ ತುಂಡು ಬರೀ 4 ಕಿಲೋಮೀಟರು, ಮೂರೇ ಸ್ಟೇಷನ್ನು. 2025ಕ್ಕೆ ತೆರೆಯಬೇಕಿದ್ದದ್ದನ್ನು ಕೋವಿಡ್ ಒಂದು ವರ್ಷ ಮುಂದಕ್ಕೆ ತಳ್ಳಿತು.

ನಾನಿದ್ದದ್ದು ಬೇರೆ ಸುರಂಗದ ಸೈಟಿನಲ್ಲಿ. ರಿಸ್ಕ್ ರಿಜಿಸ್ಟರ್ ತುಂಬೋ ಕೆಲಸ ನನ್ನ ತಲೆಗೆ ಬಿದ್ದಿತ್ತು. ನೆಲ ಕುಸಿದರೆ, ಮೇಲಿನ ಕಟ್ಟಡ ಬಿರುಕು ಬಿಟ್ಟರೆ, ಕ್ರೇನ್ ಮಗುಚಿದರೆ ಅಂತ ಪುಟಗಟ್ಟಲೆ ಬರೆದು, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ ಹಾಕಬೇಕು. ಸಾಂಕ್ರಾಮಿಕ ರೋಗಕ್ಕೂ ಒಂದು ಸಾಲಿತ್ತು, 2003ರ ಸಾರ್ಸ್ ಕಾಲದ ನೆನಪಿರಬೇಕು. ಸಾಧ್ಯತೆ 1, ಅಂದರೆ ತೀರಾ ಕಡಿಮೆ, ಪರಿಹಾರ ಮಾಸ್ಕು ಮತ್ತು ಥರ್ಮಾಮೀಟರು. ನಾನೂ ಸುಮ್ನೆ ಹಳೇದನ್ನೇ ಕಾಪಿ ಮಾಡಿದ್ದೆ.

2020ರ ಏಪ್ರಿಲ್ 7ಕ್ಕೆ ಲಾಕ್‌ಡೌನ್ ಶುರುವಾಯಿತು, ಇಲ್ಲಿ ಅದಕ್ಕೆ ಸರ್ಕ್ಯೂಟ್ ಬ್ರೇಕರ್ ಅಂತ ಹೆಸರು. 20ರಿಂದ ಕಟ್ಟಡ ಕೆಲಸದ ವರ್ಕ್ ಪರ್ಮಿಟ್‌ನವರು, ಅಂದರೆ ಹೊರದೇಶದಿಂದ ಬಂದ ಕೆಲಸಗಾರರು, ರೂಮು ಬಿಟ್ಟು ಬರುವ ಹಾಗಿರಲಿಲ್ಲ. ಆದರೆ ಸುರಂಗದ ಕೆಲಸ ಅಂಗಡಿ ಶಟರ್ ಎಳೆದ ಹಾಗಲ್ಲ. ಅಗೆದ ಗುಂಡಿಯಲ್ಲಿ ನೀರು ಒಸರುತ್ತಲೇ ಇರುತ್ತದೆ, ಕೊರೆಯುವ ಯಂತ್ರದ ಮುಂದಿನ ಮಣ್ಣನ್ನು ಒತ್ತಡ ಕೊಟ್ಟು ಹಿಡಿದಿರಬೇಕು, ಇಲ್ಲದಿದ್ದರೆ ಮೇಲಿನ ರಸ್ತೆ ಕೂತುಬಿಡಬಹುದು. ಅದಕ್ಕೇ ಸುರಕ್ಷತೆಯ ಕೆಲಸಕ್ಕೆ ಮಾತ್ರ ಅನುಮತಿ ಕೊಟ್ಟಿದ್ದರು. ಇಡೀ ಸೈಟಿಗೆ ಬೆರಳೆಣಿಕೆ ಜನ.

ಒಂದು ರಾತ್ರಿ ಗುಂಡಿಯಲ್ಲಿ ನೀರು ಏರಿದರೂ ಪಂಪು ಓಡಲಿಲ್ಲ. ನನಗೋ ಸ್ಪ್ರೆಡ್‌ಶೀಟ್ ಬಿಟ್ಟು ಏನೂ ಬರಲ್ಲ. ಪುದುಕೋಟೆ ಕಡೆಯ ಪಂಪ್ ಫೋರ್‌ಮನ್ ಅಣ್ಣನಿಗೆ ವಾಟ್ಸಾಪ್ ವಿಡಿಯೊ ಹಚ್ಚಿದೆ. ಕೆಲಸಗಾರರ ಡಾರ್ಮಿಟರಿಯ ಮೇಲಿನ ಮಂಚದಲ್ಲಿ ಕೂತಿದ್ದ, ಹಿಂದೆ ಸಾಲಾಗಿ ಒಣಹಾಕಿದ ಟವೆಲ್ಲು.

"ಸಾರ್, ಫ್ಲೋಟು ಪೈಪಿನ ಕೆಳಗೆ ಸಿಕ್ಕಿಕೊಂಡಿದೆ, ಎಳೀರಿ."

ನೀರಿನ ಜೊತೆ ಮೇಲೇರಿ ಪಂಪಿನ ಸ್ವಿಚ್ ಹಾಕೋ ಆ ತೇಲುಬುರುಡೆಯನ್ನು ಎಳೆದೆ, ಪಂಪು ಗುರ್ರ್ ಅಂತು. ಮತ್ತೆ ಸಿಕ್ಕಿಕೊಳ್ಳದಿರಲಿ ಅಂತ ಅಲ್ಲೇ ಬಿದ್ದಿದ್ದ ದಾರ ಕಟ್ಟಿದೆ. "ರೂಮಲ್ಲಿ ಎಷ್ಟು ಜನ ಅಣ್ಣಾ?" ಅಂದೆ. "ಹನ್ನೆರಡು. ಇಬ್ಬರಿಗೆ ಜ್ವರ."

ನೆಲದಡಿಯ ಪ್ರತಿ ಅಡಿ ಮಣ್ಣಿನ ಲೆಕ್ಕ ನನ್ನ ಹತ್ತಿರ ಇತ್ತು. ಅದನ್ನು ಅಗೆಯೋರು ರಾತ್ರಿ ಎಲ್ಲಿ ಮಲಗ್ತಾರೆ ಅನ್ನೋದು ಯಾವ ಕಾಲಮ್ಮಿನಲ್ಲೂ ಇರಲಿಲ್ಲ. ಆ ಡಿಸೆಂಬರಿನಲ್ಲಿ ಸರ್ಕಾರವೇ ಹೇಳಿತು, ಡಾರ್ಮಿಟರಿಗಳಲ್ಲಿದ್ದ ಸುಮಾರು 3 ಲಕ್ಷ ಜನರಲ್ಲಿ 47% ಮಂದಿಗೆ ಸೋಂಕು ತಗುಲಿತ್ತು ಅಂತ. ಬೆಂಗಳೂರಿನಲ್ಲಿ ಮೆಟ್ರೊ ಕೆಲಸದವರು ಊರಿಗೆ ಹೊರಟು ಸೈಟು ಖಾಲಿಯಾಯಿತು. ಇಲ್ಲಿ ಹೊರಡೋಕೂ ಆಗಲಿಲ್ಲ, ಬರೋಕೂ ಆಗಲಿಲ್ಲ.

ಕೆಲಸ ಮತ್ತೆ ಶುರುವಾದಾಗ ಪ್ಲಾನಿಂಗೇ ತಲೆಕೆಳಗು. 14 ದಿನಕ್ಕೊಮ್ಮೆ ಟೆಸ್ಟ್. ಒಂದು ಸೈಟಿನವರು ಆದಷ್ಟೂ ಒಂದೇ ಕಡೆ ಇರಬೇಕು, ಒಂದು ತಂಡ ಇನ್ನೊಂದರ ಜೊತೆ ಬೆರೆಯಬಾರದು. ಒಬ್ಬನಿಗೆ ಪಾಸಿಟಿವ್ ಬಂದರೆ ಇಡೀ ವೆಲ್ಡಿಂಗ್ ತಂಡ ಮಾಯ! ತಡವಾದರೆ ಗುತ್ತಿಗೆದಾರರಿಗೆ ದಂಡ ಬೀಳದಂತೆ ತಾತ್ಕಾಲಿಕ ಕಾನೂನು ಬಂತು, ಸರಿ, ಆದರೆ ಜನ ಸಿಗಬೇಕಲ್ವಾ?

ಅಣ್ಣ ವಾಪಸ್ ಬಂದದ್ದು ಆಗಸ್ಟಿನಲ್ಲಿ, ಸ್ವಲ್ಪ ಇಳಿದುಹೋಗಿದ್ದ. ಹೇಗಿದ್ದೀಯ ಅಂತ ಕೇಳುವಷ್ಟರಲ್ಲಿ ಗುಂಡಿಗೆ ಬಗ್ಗಿ ನೋಡಿ ತಿರುಗಿದ.

"ಸಾರ್, ಈ ದಾರ ಕಟ್ಟಿದ ಮಹಾನುಭಾವ ಯಾರು?"